ದೊಡ್ಡ ಫ್ಯಾನ್ ಹಾಕಿದರೆ ಎಸಿ, ಹೀಟರ್ ಎರಡೂ ಬೇಡವೇ? ನಿಜ ಇಲ್ಲಿದೆ

ಕೋಲಾರ ಜಿಲ್ಲೆಯ ಮಾಲೂರು, ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಎತ್ತರದ ಶೀಟ್ ಶೆಡ್‌ಗಳೂ ಹೆಚ್ಚಿವೆ. ಇಂಥ ಶೆಡ್‌ಗಳಿಗೂ ದೊಡ್ಡ ಕಲ್ಯಾಣ ಮಂಟಪಗಳಿಗೂ ಹೇಳಿ ಮಾಡಿಸಿದ್ದು ಎಂದು ಆನೆ ಗಾತ್ರದ ಸೀಲಿಂಗ್ ಫ್ಯಾನ್‌ಗಳನ್ನು ಮಾರಲಾಗುತ್ತದೆ. ಅವುಗಳ ಬಗ್ಗೆ ಮೊಬೈಲ್‌ಗೆ ಬರುವ ಮಾತುಗಳೂ ಅಷ್ಟೇ ದೊಡ್ಡವು: "ಒಂದು ಫ್ಯಾನ್ ಹಾಕಿ, ಇಡೀ ಹಾಲ್ ತಂಪು", "ಎಸಿ ಜೊತೆ ಫ್ಯಾನ್ ಹಾಕಿದರೆ ಕರೆಂಟ್ ದಂಡ", "ಚಳಿಗಾಲದಲ್ಲಿ ಫ್ಯಾನ್ ಮುಟ್ಟಲೇಬಾರದು". ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಅಪಾಯಕಾರಿ? ಒಂದೊಂದಾಗಿ ನೋಡೋಣ.

ಏನಿದು ದೊಡ್ಡ ಫ್ಯಾನ್?

ಮನೆಯ ಫ್ಯಾನಿನ ಅಗಲ ಸಾಮಾನ್ಯವಾಗಿ 1200 ಮಿಲಿಮೀಟರ್, ಅಂದರೆ 4 ಅಡಿ. ಅದು ನಿಮಿಷಕ್ಕೆ 350ರ ಆಸುಪಾಸು ಸುತ್ತು ತಿರುಗುತ್ತದೆ. ಕೈಗಾರಿಕಾ ಫ್ಯಾನಿನ ಅಗಲ 24 ಅಡಿವರೆಗೂ ಇರುತ್ತದೆ, ಆದರೆ ತಿರುಗುವುದು ತುಂಬಾ ನಿಧಾನ. ಇದನ್ನು ಎಚ್‌ವಿಎಲ್‌ಎಸ್ ಫ್ಯಾನ್ ಎನ್ನುತ್ತಾರೆ. ಹೆಚ್ಚು ಗಾಳಿ, ಕಡಿಮೆ ವೇಗ ಎಂಬುದೇ ಆ ಹೆಸರಿನ ಅರ್ಥ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಇದನ್ನು ಮೊದಲು ರೂಪಿಸಿದ್ದು ಮನುಷ್ಯರಿಗಲ್ಲ, ಕೊಟ್ಟಿಗೆಯಲ್ಲಿ ಸೆಖೆಗೆ ಬಳಲುತ್ತಿದ್ದ ಹಾಲಿನ ಹಸುಗಳಿಗೆ.

ಹೇಳಿಕೆ 1: ಫ್ಯಾನ್ ಹಾಲನ್ನು ತಂಪು ಮಾಡುತ್ತದೆ

ಸುಳ್ಳು. ಯಾವ ಫ್ಯಾನೂ ಗಾಳಿಯ ಉಷ್ಣಾಂಶ ಇಳಿಸುವುದಿಲ್ಲ. ಗಾಳಿ ಬೀಸಿದಾಗ ಬೆವರು ಬೇಗ ಆರುತ್ತದೆ, ಮೈಯ ಬಿಸಿ ಹೊರಹೋಗುತ್ತದೆ, ನಮಗೆ ತಂಪೆನಿಸುತ್ತದೆ. ಗೋಡೆಯ ಥರ್ಮಾಮೀಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಜನರಿಲ್ಲದ ಹಾಲಿನಲ್ಲಿ ಫ್ಯಾನ್ ತಿರುಗಿಸಿ ಬಿಡುವುದು ವ್ಯರ್ಥ.

ಶ್ರೀನಿವಾಸಪುರದ ಮಾವಿನ ಮಂಡಿಯನ್ನೇ ತೆಗೆದುಕೊಳ್ಳಿ. ದೊಡ್ಡ ಫ್ಯಾನಿನ ಕೆಳಗೆ ಹಮಾಲರಿಗೆ ಹಾಯೆನಿಸುತ್ತದೆ. ಆದರೆ ಹಣ್ಣಿಗೆ ನಮ್ಮಂತೆ ಬೆವರುವ ಚರ್ಮವಿಲ್ಲ. ತೋಟದ ಬಿಸಿಲಿನಿಂದ ಬಂದ ಕಾವು ಬೇಗ ಆರುತ್ತದೆ ನಿಜ, ಆದರೆ ಫ್ಯಾನ್ ಕೋಲ್ಡ್ ಸ್ಟೋರೇಜ್ ಆಗುವುದಿಲ್ಲ. ಒಣಗಾಳಿ ಸತತವಾಗಿ ತಾಗಿದರೆ ಹಣ್ಣಿನ ನೀರಿನಂಶ ಹೋಗಿ ತೂಕವೂ ಇಳಿಯುತ್ತದೆ.

ಗಾಳಿಯ ಬಿಸಿ ಏರಿದಷ್ಟೂ ಫ್ಯಾನಿನ ಉಪಕಾರ ಕಡಿಮೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆ, ಆಗ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ಕಾದ ಶೀಟಿನ ಕೆಳಗೆ ಒಳಗಿನ ಬಿಸಿ ಹೊರಗಿಗಿಂತ ಹೆಚ್ಚಿರಬಹುದು, ಫ್ಯಾನ್ ಆ ಬಿಸಿಯನ್ನೇ ಕೆಳಗೆ ತಳ್ಳಬಹುದು. ಅಂಥ ಕಡೆ ಮೊದಲು ಛಾವಣಿಗೆ ಬಿಳಿ ಬಣ್ಣ, ಮೇಲ್ಗಡೆ ಬಿಸಿಗಾಳಿ ಹೊರಹೋಗಲು ದಾರಿ, ಆಮೇಲೆ ಫ್ಯಾನ್.

ಹೇಳಿಕೆ 2: ಎಸಿ ಜೊತೆ ಫ್ಯಾನ್ ಹಾಕಿದರೆ ದಂಡ

ಅರ್ಧ ನಿಜ. ಎಲ್ಲವೂ ನಿಮ್ಮ ಕೈಯಲ್ಲಿರುವ ರಿಮೋಟ್ ಮೇಲೆ ನಿಂತಿದೆ.

ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇ ಲೆಕ್ಕ. ಫ್ಯಾನ್ ಗಾಳಿ ಇದ್ದರೆ 24ರ ಬದಲು 26-27 ಡಿಗ್ರಿಯಲ್ಲೂ ಹಿತವಾಗಿರುತ್ತದೆ. ಒಂದು ಉದಾಹರಣೆ ನೋಡಿ. ಮಂಟಪದ ಎಸಿಗಳು ಒಟ್ಟು 20 ಕಿಲೋವ್ಯಾಟ್ ಎಳೆಯುತ್ತವೆ ಎಂದುಕೊಳ್ಳಿ. 24ರಿಂದ 27ಕ್ಕೆ ಏರಿಸಿದರೆ 18%, ಅಂದರೆ 3.6 ಕಿಲೋವ್ಯಾಟ್ ಉಳಿತಾಯ. ಫ್ಯಾನಿಗೆ 1 ಕಿಲೋವ್ಯಾಟ್ ಬೇಕು. ಅದು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಹಾಲಿನೊಳಗೇ ಬಿಸಿಯಾಗುತ್ತದೆ, ಅದನ್ನು ತೆಗೆಯಲು ಎಸಿಗೆ ಮತ್ತೆ ಸುಮಾರು 0.3 ಬೇಕು. ಎಲ್ಲ ಕಳೆದರೂ 2.3 ಕಿಲೋವ್ಯಾಟ್ ಉಳಿಯಿತು.

ಫ್ಯಾನ್ ಹಾಕಿಯೂ ಎಸಿಯನ್ನು 24ರಲ್ಲೇ ಬಿಟ್ಟರೆ? ಉಳಿತಾಯ ಸೊನ್ನೆ, ಮೇಲೆ 1.3 ಕಿಲೋವ್ಯಾಟ್ ನಷ್ಟ. ದಂಡ ಅನ್ನುವ ಮಾತು ಹುಟ್ಟುವುದು ಇಲ್ಲೇ.

ಹೇಳಿಕೆ 3: ಚಳಿಗಾಲದಲ್ಲಿ ಫ್ಯಾನ್ ಬೇಡ

ಇದೂ ಅರ್ಧ ನಿಜ. ಬಿಸಿಗಾಳಿ ಹಗುರ. ಎತ್ತರದ ಶೆಡ್‌ನಲ್ಲಿ ಹೀಟರ್ ಉರಿಸಿದರೆ ಬಿಸಿಯೆಲ್ಲ ಛಾವಣಿ ಸೇರುತ್ತದೆ, ನೆಲದಲ್ಲಿ ನಿಂತವರ ಕಾಲು ತಣ್ಣಗೇ ಇರುತ್ತದೆ. ದೊಡ್ಡ ಫ್ಯಾನನ್ನು ತೀರಾ ನಿಧಾನಕ್ಕೆ, ಮೈಗೆ ಗಾಳಿ ತಾಗಿದ್ದೇ ಗೊತ್ತಾಗದಷ್ಟು ತಿರುಗಿಸಿದರೆ ಆ ಬಿಸಿ ಕೆಳಗಿಳಿದು ಬೆರೆಯುತ್ತದೆ. ಖರ್ಚೂ ಅತ್ಯಲ್ಪ: ವೇಗ ಅರ್ಧಕ್ಕಿಳಿದರೆ ಫ್ಯಾನಿಗೆ ಬೇಕಾದ ಶಕ್ತಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೋರಾಗಿ ತಿರುಗಿಸಿದರೆ ಮಾತ್ರ ಚಳಿಯೇ ಹೆಚ್ಚುತ್ತದೆ.

ರೇಷ್ಮೆ ಹುಳು ಸಾಕುವವರು ಇಲ್ಲಿ ಗಮನಿಸಿ. ಚಾಕಿ ಹುಳುವಿಗೆ ಸುಮಾರು 27-28 ಡಿಗ್ರಿ ಬಿಸಿ, 85% ತೇವಾಂಶ ಬೇಕು. ಹಣ್ಣಾಗುವ ಹೊತ್ತಿಗೆ ಸುಮಾರು 24 ಡಿಗ್ರಿ, 70% ಸಾಕು. ನೇರವಾಗಿ ಬೀಸುವ ಗಾಳಿ ಹಿಪ್ಪುನೇರಳೆ ಸೊಪ್ಪನ್ನು ಒಣಗಿಸುತ್ತದೆ, ಒಣಗಿದ ಸೊಪ್ಪನ್ನು ಹುಳು ಸರಿಯಾಗಿ ತಿನ್ನದು. ಕೋಳಿ ಶೆಡ್‌ನಲ್ಲೂ ಅಷ್ಟೇ, ಬ್ರೂಡರ್ ಕೆಳಗಿನ ಎಳೆ ಮರಿಗಳಿಗೆ ಗಾಳಿ ಬೀಸಬಾರದು.

ಹೇಳಿಕೆ 4: ಫ್ಯಾನ್ ಇದ್ದರೆ ಕೆಂಡದ ಹೊಗೆಯ ಭಯವಿಲ್ಲ

ಅಪಾಯಕಾರಿ ಸುಳ್ಳು. ದಯವಿಟ್ಟು ಇದನ್ನು ಎರಡು ಸಲ ಓದಿ.

ಡಿಸೆಂಬರ್-ಜನವರಿಯ ರಾತ್ರಿ ಹುಳು ಮನೆ ಬೆಚ್ಚಗಿಡಲು ಬಾಗಿಲು ಮುಚ್ಚಿ ಇದ್ದಿಲು ಕೆಂಡ ಇಟ್ಟು, ಅಲ್ಲೇ ಮಲಗಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅನಿಲ ಇರುತ್ತದೆ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ತರುವುದಿಲ್ಲ. ಫ್ಯಾನ್ ತಿರುಗುತ್ತಿದೆ ಎಂದರೆ ವಿಷ ಹೋಯಿತು ಎಂದಲ್ಲ, ಕೋಣೆಯ ತುಂಬಾ ಸಮವಾಗಿ ಹರಡಿತು ಎಂದರ್ಥ. ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ತಕ್ಷಣ ಎಲ್ಲರನ್ನೂ ಹೊರಗೆ ಕರೆತಂದು 108ಕ್ಕೆ ಕರೆ ಮಾಡಿ. ವಿದ್ಯುತ್ ಹೀಟರ್ ಬಳಸಿ, ಕೆಂಡ ಅನಿವಾರ್ಯವಾದರೆ ಗಾಳಿ ಆಡಲು ಕಿಟಕಿ ತೆರೆದಿಡಿ, ಅದರ ಜೊತೆ ಮಾತ್ರ ಮಲಗಬೇಡಿ.

ಹಾಕಿಸುವ ಮುನ್ನ

ಫ್ಯಾನಿನ ರೆಕ್ಕೆ ನೆಲದಿಂದ ಕನಿಷ್ಠ 10 ಅಡಿ ಮೇಲಿರಬೇಕು. ಶೀಟಿನ ಕೆಳಗಿನ ಕಬ್ಬಿಣದ ತೊಲೆ ಅದರ ಭಾರ ಮತ್ತು ಅದುರನ್ನು ತಡೆಯುತ್ತದೆಯೇ ಎಂದು ಎಂಜಿನಿಯರ್‌ಗೆ ತೋರಿಸಿ. ಬೆಂಕಿಯ ಅಲಾರಂ ಹೊಡೆದ ಕೂಡಲೇ ಫ್ಯಾನ್ ತಾನಾಗಿ ನಿಲ್ಲುವಂತೆ ವೈರಿಂಗ್ ಇರಲಿ, ಇಲ್ಲದಿದ್ದರೆ ಹೊಗೆಯನ್ನೂ ಅದೇ ಹರಡುತ್ತದೆ.

ತೀರ್ಮಾನ

ದೊಡ್ಡ ಫ್ಯಾನ್ ಎಸಿಗೂ ಹೀಟರಿಗೂ ಬದಲಿ ಅಲ್ಲ, ಎರಡಕ್ಕೂ ಜೊತೆಗಾರ. ಸೆಖೆಗಾಲದಲ್ಲಿ ಫ್ಯಾನ್ ಹಾಕಿ ಎಸಿಯ ಡಿಗ್ರಿ ಏರಿಸಿ, ಚಳಿಗಾಲದಲ್ಲಿ ಹೀಟರ್ ಜೊತೆ ಮೆಲ್ಲಗೆ ತಿರುಗಿಸಿ, ಜನರಿಲ್ಲದಾಗ ಆಫ್ ಮಾಡಿ. "ಒಂದೇ ಫ್ಯಾನ್, ಇಡೀ ಹಾಲ್ ತಂಪು" ಎಂಬ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಕೆಂಡದ ವಿಷಯವನ್ನು ಮಾತ್ರ ಹುಳು ಸಾಕುವ ನಿಮ್ಮ ನೆಂಟರಿಗೆಲ್ಲ ತಪ್ಪದೆ ತಿಳಿಸಿ.