ಟರ್ಬೊ ಕಾರಿನ ಹೊಣೆ ಯಾರದು? ಸಾಬ್ 99, 900, 9000: ಒಂದು ತಾಂತ್ರಿಕ ಚರಿತ್ರೆ

ಟರ್ಬೊಚಾರ್ಜರ್ ಇರುವ ಕುಟುಂಬದ ಕಾರಿನ ಚರಿತ್ರೆಯನ್ನು ವೇಗದ ಚರಿತ್ರೆಯಾಗಿ ಹೇಳುವುದು ರೂಢಿ. ಎಷ್ಟು ಅಶ್ವಶಕ್ತಿ, ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡ್, ಯಾವ ರ‍್ಯಾಲಿಯಲ್ಲಿ ಎಷ್ಟನೆಯ ಸ್ಥಾನ ಎಂಬ ಲೆಕ್ಕಗಳಲ್ಲೇ ಕಥೆ ಮುಗಿದುಹೋಗುತ್ತದೆ. ಈ ಲೆಕ್ಕಗಳು ತಪ್ಪಲ್ಲ, ಆದರೆ ಅವುಗಳಿಂದ ಬಗೆಹರಿಯದ ಒಂದು ಪ್ರಶ್ನೆ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ ಈ ಕಲ್ಪನೆಗೆ ಪೇಟೆಂಟ್ ಕೋರಿದ್ದು 1905ರಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ವಿಮಾನಗಳಲ್ಲಿ, ಅದರ ಹಿಂದೆ ಮುಂದೆ ಹಡಗುಗಳಲ್ಲಿ ಮತ್ತು ಲಾರಿಗಳಲ್ಲಿ ಟರ್ಬೊ ದುಡಿಯತೊಡಗಿತ್ತು. ಹಾಗಿದ್ದೂ ಮಕ್ಕಳನ್ನು ಶಾಲೆಗೆ ಬಿಡುವ, ಸಂತೆಯ ಸಾಮಾನು ಹೊರುವ ಕಾರಿನಲ್ಲಿ ಅದು ನೆಲೆಯೂರಲು 1970ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ತಡೆ ಇದ್ದದ್ದು ಶಕ್ತಿಯಲ್ಲಲ್ಲ, ಹೊಣೆಯ ಹಂಚಿಕೆಯಲ್ಲಿ ಎಂಬುದು ಈ ಲೇಖನದ ವಾದ. ಎಂಜಿನ್ ಕೆಡದಂತೆ ಕಾಯುವ ಹೊಣೆ ಮಾಲೀಕನ ಮೇಲಿದ್ದಷ್ಟು ಕಾಲ ಟರ್ಬೊ ಕಾರು ಸೋತಿತು. ಆ ಹೊಣೆ ಹಂತಹಂತವಾಗಿ ಯಂತ್ರದೊಳಕ್ಕೆ ಸರಿದಂತೆ ಗೆದ್ದಿತು. ಯಂತ್ರಕ್ಕೆ ವಯಸ್ಸಾದಾಗ ಅದು ಮತ್ತೆ ಮಾಲೀಕನ ಬಳಿಗೆ ಮರಳುತ್ತದೆ. ಸ್ವೀಡನ್ನಿನ ಸಾಬ್ ಕಂಪನಿಯ 99, 900 ಮತ್ತು 9000 ಮಾದರಿಗಳಲ್ಲಿ ಈ ಮೂರೂ ಹಂತಗಳು ಒಂದರ ನಂತರ ಒಂದಾಗಿ ಕಾಣುವುದರಿಂದ ಅವನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಂಡಿದೆ.

ಹೊಣೆ ಎಂದರೆ ಏನೆಂದು ತಿಳಿಯಲು ಯಂತ್ರದ ಕೆಲಸವನ್ನು ಸ್ವಲ್ಪ ನೋಡಬೇಕು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಉರಿಸಬಹುದಾದ ಪೆಟ್ರೋಲೂ ಹೆಚ್ಚು. ಚಿಕ್ಕ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಲ್ಲ ಶಾಖದ ರೂಪದಲ್ಲಿದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲು ಕ್ರಮವಾಗಿ ಉರಿಯುವ ಬದಲು ಅಲ್ಲಲ್ಲಿ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವ ಈ ಸಿಡಿತ ಪಿಸ್ಟನ್ನನ್ನೇ ತೂತು ಮಾಡಬಲ್ಲದು. ಇನ್ನೊಂದು ಕಡೆ, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಅಚ್ಚು ನಿಂತಿರುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಕಾರನ್ನು ಜೋರಾಗಿ ಓಡಿಸಿ ತಟ್ಟನೆ ಆಫ್ ಮಾಡಿದರೆ ಆಯಿಲಿನ ಹರಿವು ನಿಂತು, ಬೇರಿಂಗಿನಲ್ಲಿ ಉಳಿದದ್ದು ಸುಟ್ಟು ಕರಿಕಟ್ಟುತ್ತದೆ. ಯಾವ ದರ್ಜೆಯ ಪೆಟ್ರೋಲು ಹಾಕಿಸಬೇಕು, ಯಾವಾಗ ಆಯಿಲ್ ಬದಲಿಸಬೇಕು, ಎಂಜಿನ್ ಆರಿಸುವ ಮುನ್ನ ಎಷ್ಟು ಹೊತ್ತು ಐಡ್ಲಿಂಗಿನಲ್ಲಿ ಬಿಡಬೇಕು ಎಂಬ ನಿರ್ಧಾರಗಳನ್ನು ಯಾರಾದರೂ ಒಬ್ಬರು ಮಾಡಲೇಬೇಕು. ಲಾರಿಗೆ ವೃತ್ತಿಪರ ಚಾಲಕನಿದ್ದಾನೆ, ವಿಮಾನಕ್ಕೆ ತಂತ್ರಜ್ಞರ ತಂಡವಿದೆ. ಮನೆಯ ಕಾರಿಗೆ ಇದ್ದವನು ಮಾಲೀಕನೊಬ್ಬನೇ.

ಆ ಮಾಲೀಕನನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ 1962ರ ಅಮೆರಿಕದಲ್ಲಿ ಸ್ಪಷ್ಟ ಸಾಕ್ಷ್ಯ ಸಿಗುತ್ತದೆ. ಆ ವರ್ಷ ಜನರಲ್ ಮೋಟಾರ್ಸ್ ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದಿತು: ಶೆವ್ರೊಲೆ ಕೊರ್ವೇರ್ ಮೊಂಝಾ ಸ್ಪೈಡರ್ ಮತ್ತು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಜೆಟ್‌ಫೈರ್‌ನ ಮೂರೂವರೆ ಲೀಟರಿನ ಅಲ್ಯುಮಿನಿಯಂ ವಿ8 ಎಂಜಿನ್ 215 ಅಶ್ವಶಕ್ತಿ ಕೊಡುತ್ತಿತ್ತು. ಅದರ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಲೆಕ್ಕ, ಟರ್ಬೊ ಎಂಜಿನ್ನಿಗೆ ವಿಪರೀತ ಎನ್ನುವಷ್ಟು ಎತ್ತರದಲ್ಲಿದ್ದ ಕಾರಣ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ ಇತ್ತು. ಕಂಪನಿ ಇದನ್ನು ಟರ್ಬೊ ರಾಕೆಟ್ ಫ್ಲೂಯಿಡ್ ಎಂದು ಕರೆಯಿತು. ಆ ದ್ರವದ ತೊಟ್ಟಿಯನ್ನು ತುಂಬಿಸುತ್ತಿರುವುದು ಮಾಲೀಕನ ಕೆಲಸವಾಗಿತ್ತು, ಅನೇಕರು ತುಂಬಿಸಲಿಲ್ಲ. ತೊಟ್ಟಿ ಬರಿದಾದರೆ ಒಂದು ಕವಾಟ ಬೂಸ್ಟನ್ನು, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ತಗ್ಗಿಸುತ್ತಿತ್ತು, ಆಗ ಟರ್ಬೊ ಇದ್ದೂ ಇಲ್ಲದಂತೆ. ಎರಡು ವರ್ಷಗಳಲ್ಲಿ ಹತ್ತು ಸಾವಿರದೊಳಗೆ ತಯಾರಾದ ಈ ಕಾರಿನ ಕಥೆ 1963ಕ್ಕೆ ಮುಗಿಯಿತು. ಮುಂದೆ ಎಷ್ಟೋ ಜೆಟ್‌ಫೈರ್‌ಗಳಿಂದ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಲಾಯಿತು. ಲೋಪ ಟರ್ಬೈನಿನಲ್ಲಿ ಇರಲಿಲ್ಲ. ದಿನಬಳಕೆಯ ಕಾರಿನವನಿಂದ ಪ್ರಯೋಗಾಲಯದ ಶಿಸ್ತನ್ನು ನಿರೀಕ್ಷಿಸಿದ್ದರಲ್ಲಿ ಇತ್ತು. 1973ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡ ಬಿಎಂಡಬ್ಲ್ಯು 2002 ಟರ್ಬೊ ಇನ್ನೊಂದು ಬಗೆಯ ಹೊಣೆ ಹೊರಿಸಿತು. 170 ಅಶ್ವಶಕ್ತಿಯ ಆ ಎಂಜಿನ್ ಕೆಳಗಿನ ವೇಗದಲ್ಲಿ ಮಂಕಾಗಿದ್ದು, ಮೇಲೇರಿದಾಗ ಒಮ್ಮೆಲೇ ನುಗ್ಗುತ್ತಿತ್ತು. ಆ ನುಗ್ಗುವಿಕೆಯನ್ನು ಪಳಗಿಸುವುದು ಚಾಲಕನ ಪಾಲಿಗೆ ಬಂತು. ತಯಾರಾದದ್ದು ಒಟ್ಟು 1672 ಕಾರುಗಳು.

ಇಂಥ ಎರಡು ಸೋಲುಗಳ ನಂತರ ಸಾಬ್ ಏಕೆ ಈ ದಾರಿ ಹಿಡಿಯಿತು? ಉತ್ತರ ಮಹತ್ವಾಕಾಂಕ್ಷೆಗಿಂತ ಹೆಚ್ಚಾಗಿ ಬಡತನದಲ್ಲಿದೆ. 1967ರಲ್ಲಿ ಅನಾವರಣಗೊಂಡ ಸಾಬ್ 99ರ ನಾಲ್ಕು ಸಿಲಿಂಡರಿನ ಎಂಜಿನ್ ಮೂಲತಃ ಬ್ರಿಟನ್ನಿನ ಟ್ರಯಂಫ್ ಕಂಪನಿಯದು. ಮುಂದೆ ಸಾಬ್ ಅದನ್ನು ತಿದ್ದಿ, ಎರಡು ಲೀಟರಿಗೆ ಹಿಗ್ಗಿಸಿ, ಸೋಡರ್‌ಟೆಲ್ಯೆಯಲ್ಲಿ ತಾನೇ ತಯಾರಿಸತೊಡಗಿತು. ದುಬಾರಿ ಕಾರುಗಳ ಸಾಲಿನಲ್ಲಿ ನಿಲ್ಲಲು ಆರು ಅಥವಾ ಎಂಟು ಸಿಲಿಂಡರಿನ ಎಂಜಿನ್ ಬೇಕಿತ್ತು, ಹೊಸದೊಂದನ್ನು ರೂಪಿಸುವಷ್ಟು ಹಣ ಇರಲಿಲ್ಲ. 1977ರ ಮೇ ತಿಂಗಳಲ್ಲಿ ವೋಲ್ವೊ ಜತೆ ಸಾಬ್-ಸ್ಕಾನಿಯಾ ವಿಲೀನವಾಗುವ ಪ್ರಸ್ತಾವ ಹೊರಬಿತ್ತು, ಆಗಸ್ಟ್‌ನಲ್ಲಿ ಮುರಿದುಬಿತ್ತು. 99 ಟರ್ಬೊ ಫ್ರಾಂಕ್‌ಫರ್ಟ್‌ನಲ್ಲಿ ಜನರೆದುರು ಬಂದದ್ದು ಅದರ ಮರುತಿಂಗಳೇ. ಸ್ವಂತ ಬಲದಲ್ಲಿ ಉಳಿಯಬಲ್ಲೆವೇ ಎಂಬ ಅನುಮಾನದಲ್ಲಿದ್ದ ಕಂಪನಿಗೆ, ಇದ್ದ ಎಂಜಿನ್ನಿನಿಂದಲೇ ಹೆಚ್ಚು ಪಡೆಯುವುದೊಂದೇ ಕೈಗೆಟುಕುವ ದಾರಿಯಾಗಿತ್ತು. ಈ ದಾರಿಯ ಅನುಭವ ಮನೆಯಲ್ಲೇ ಇತ್ತು. 1969ರ ವಿಲೀನದಿಂದ ಜತೆಗೂಡಿದ ಸ್ಕಾನಿಯಾ, ಟರ್ಬೊ ಡೀಸೆಲ್ ಲಾರಿಗಳನ್ನು ಅದಕ್ಕೂ ಮೊದಲಿನಿಂದ ತಯಾರಿಸುತ್ತಿತ್ತು. ಲಾರಿ ಎಂಜಿನಿಯರ್ ಹುಡುಕುವುದು ಗರಿಷ್ಠ ವೇಗವನ್ನಲ್ಲ. ಹೊರೆ ಹೊತ್ತು ಏರು ಹತ್ತುವಾಗ ಕೆಳಗಿನ ವೇಗದಲ್ಲೇ ದೊರೆಯುವ ಎಳೆತವನ್ನು.

ಸಾಬ್‌ನ ಎಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಮುಂಚೂಣಿಯಲ್ಲಿದ್ದ ವಿನ್ಯಾಸದಲ್ಲಿ ಈ ಆಲೋಚನೆಯ ಗುರುತು ಢಾಳಾಗಿದೆ. ದೊಡ್ಡ ಟರ್ಬೊ ಕೂರಿಸಿ ಅದು ಎಚ್ಚರಗೊಳ್ಳುವವರೆಗೆ ಚಾಲಕನನ್ನು ಕಾಯಿಸುವ ಬದಲು, ಬೇಗ ತಿರುಗುವ ಗ್ಯಾರೆಟ್ ಕಂಪನಿಯ ಚಿಕ್ಕ ಟರ್ಬೊ ಆರಿಸಿ, ಒತ್ತಡ ಮಿತಿ ಮುಟ್ಟಿದ ಕೂಡಲೇ ಹೊಗೆಯನ್ನು ಬದಿಗೆ ಹರಿಸುವ ವೇಸ್ಟ್‌ಗೇಟ್ ಇಟ್ಟರು. ಕಂಪ್ರೆಷನ್ ಅನುಪಾತವನ್ನು 7.2:1ಕ್ಕೆ ಇಳಿಸಿದರು. ಅಂಕಿಗಳನ್ನು ಎದುರುಬದುರು ಇಟ್ಟು ನೋಡಿದರೆ ಉದ್ದೇಶ ತಿಳಿಯುತ್ತದೆ. ಟರ್ಬೊ ಇಲ್ಲದ ಇಂಜೆಕ್ಷನ್ ಎಂಜಿನ್ನಿನ 118 ಅಶ್ವಶಕ್ತಿ 145ಕ್ಕೆ ಏರಿತು, ಅಂದರೆ ಕಾಲುಭಾಗಕ್ಕೂ ಕಡಿಮೆ. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸುಮಾರು ಶೇ. 40ರಷ್ಟು ಹೆಚ್ಚಿ, 3000 ಸುತ್ತಿನಲ್ಲೇ 235 ನ್ಯೂಟನ್ ಮೀಟರ್ ತಲುಪಿತು. ಗರಿಷ್ಠ ವೇಗವೇ ಗುರಿಯಾಗಿದ್ದರೆ ಈ ಅನುಪಾತ ತಲೆಕೆಳಗಾಗಬೇಕಿತ್ತು. ಅಷ್ಟೇ ಮಹತ್ವದ ಇನ್ನೊಂದು ಸಂಗತಿ, ಮಾರಾಟಕ್ಕೆ ಮುನ್ನ ನೂರು ಪರೀಕ್ಷಾ ಕಾರುಗಳನ್ನು ಕಟ್ಟಿ ಹಲವು ದೇಶಗಳ ರಸ್ತೆಗಳಲ್ಲಿ ದಿನನಿತ್ಯದ ಬಳಕೆಗೆ ಬಿಟ್ಟದ್ದು. ಕಂಪನಿ ಪರೀಕ್ಷೆಗೆ ಒಡ್ಡಿದ್ದು ಟರ್ಬೊವನ್ನು ಮಾತ್ರವಲ್ಲ, ಅದನ್ನು ಬಳಸುವ ಮನುಷ್ಯರ ಅಭ್ಯಾಸಗಳನ್ನು ಕೂಡ.

ಈ ವಾದಕ್ಕೆ ಮೊದಲ ಆಕ್ಷೇಪ ಮೋಟಾರ್ ಕ್ರೀಡೆಯ ಕಡೆಯಿಂದ ಬರುತ್ತದೆ. ರೇಸಿನಲ್ಲಿ ಬೆಳೆದ ತಂತ್ರಜ್ಞಾನ ರಸ್ತೆಗೆ ಇಳಿಯಿತು, ಕುಟುಂಬದ ಟರ್ಬೊ ಕಾರು ಅದರ ಉಪಫಲ ಎಂಬ ಈ ನಿಲುವಿಗೆ ಆಧಾರವಿಲ್ಲದಿಲ್ಲ. ಪೋರ್ಷೆ 911 ಟರ್ಬೊ ಹಿಂದೆ ಕಂಪನಿಯ ರೇಸ್ ಕಾರುಗಳ ಅನುಭವವಿತ್ತು. 1986ರ ಫೋರ್ಡ್ ಸಿಯೆರಾ ಆರ್‌ಎಸ್ ಕಾಸ್‌ವರ್ತ್ ಹುಟ್ಟಿದ್ದೇ ಗ್ರೂಪ್ ಎ ನಿಯಮದಂತೆ 5000 ಕಾರುಗಳನ್ನು ಮಾರಿದರೆ ಮಾತ್ರ ರೇಸಿಗೆ ಅರ್ಹತೆ ಎಂಬ ಕಾರಣದಿಂದ. ಅದರ ನಾಲ್ಕು ಬಾಗಿಲಿನ ಸಫೈರ್ ರೂಪ 1988ರಲ್ಲಿ ಬಂತು. ಆದರೆ ಕಾಲಾನುಕ್ರಮ ಈ ನಿಲುವನ್ನು ಒಪ್ಪುವುದಿಲ್ಲ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಟರ್ಬೊ ಕಾರಿನ ಮೊದಲ ಗೆಲುವು 1979ರ ಸ್ವೀಡಿಷ್ ರ‍್ಯಾಲಿಯಲ್ಲಿ ಸ್ಟಿಗ್ ಬ್ಲೋಮ್‌ಕ್ವಿಸ್ಟ್‌ಗೆ ಸಿಕ್ಕಿತು, ಕಾರು ಸಾಬ್ 99 ಟರ್ಬೊ. ಆ ಹೊತ್ತಿಗೆ ಅದು ಷೋರೂಮಿನಲ್ಲಿ ಮಾರಾಟವಾಗುತ್ತಿತ್ತು. ಇಲ್ಲಿ ರಸ್ತೆಯ ಕಾರು ಕ್ರೀಡೆಗೆ ಹೋಯಿತೇ ಹೊರತು ಕ್ರೀಡೆಯ ಕಾರು ರಸ್ತೆಗೆ ಬರಲಿಲ್ಲ. ಎರಡನೆಯ ಆಕ್ಷೇಪ, ತೈಲ ಬಿಕ್ಕಟ್ಟು ಚಿಕ್ಕ ಎಂಜಿನ್ನನ್ನು ಅನಿವಾರ್ಯ ಮಾಡಿತು ಎಂಬುದು. ಬಿಕ್ಕಟ್ಟು ಒತ್ತಾಸೆಯಾದದ್ದು ನಿಜ. ಆದರೆ ಅದೇ ಬಿಕ್ಕಟ್ಟಿನಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಕಣ್ಮರೆಯಾಯಿತು. ಒಂದೇ ಕಾರಣ ಒಂದು ಕಾರನ್ನು ಮುಳುಗಿಸಿ ಇನ್ನೊಂದನ್ನು ತೇಲಿಸಿದ್ದರೆ, ವ್ಯತ್ಯಾಸವನ್ನು ಕಾರುಗಳ ವಿನ್ಯಾಸದಲ್ಲೇ ಹುಡುಕಬೇಕು.

99 ಟರ್ಬೊ ಮಾಲೀಕನ ಹೊಣೆಯನ್ನು ಹಗುರ ಮಾಡಿತು, ಇಲ್ಲವಾಗಿಸಲಿಲ್ಲ. ಒಳ್ಳೆಯ ದರ್ಜೆಯ ಪೆಟ್ರೋಲು ಇನ್ನೂ ಬೇಕಿತ್ತು, ಆರಿಸುವ ಮುನ್ನ ಎಂಜಿನ್ ತಣಿಯಲು ಬಿಡಬೇಕಿತ್ತು. ನಿರ್ಣಾಯಕ ಹೆಜ್ಜೆ ಬಿದ್ದದ್ದು 1982ರ ಮಾದರಿಯ ಸಾಬ್ 900 ಟರ್ಬೊದಲ್ಲಿ, ಎಪಿಸಿ ಎಂಬ ನಿಯಂತ್ರಣ ವ್ಯವಸ್ಥೆಯೊಂದಿಗೆ. ಎಂಜಿನ್ ಬ್ಲಾಕಿಗೆ ತಗುಲಿಸಿದ ಸೆನ್ಸರ್ ನಾಕಿಂಗಿನ ಕಂಪನವನ್ನು ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂಡಲೇ ವೇಸ್ಟ್‌ಗೇಟ್ ತೆರೆಸಿ ಬೂಸ್ಟ್ ಇಳಿಸುತ್ತದೆ. ಪೆಟ್ರೋಲು ಕಳಪೆಯಾದರೆ ಕಾರು ಮಂದವಾಗುತ್ತದೆ, ಎಂಜಿನ್ ಉಳಿಯುತ್ತದೆ. ಜೆಟ್‌ಫೈರ್‌ನಲ್ಲಿ ಮಾಲೀಕ ತೊಟ್ಟಿ ತುಂಬಿ ಮಾಡಬೇಕಿದ್ದ ಕೆಲಸವನ್ನು ಯಂತ್ರವೇ ಕ್ಷಣಕ್ಷಣಕ್ಕೂ ಮಾಡತೊಡಗಿತು. ಈ ಭರವಸೆಯ ಮೇಲೆಯೇ ಕಂಪ್ರೆಷನ್ ಅನುಪಾತವನ್ನು 8.5:1ಕ್ಕೆ ಏರಿಸಲು ಸಾಧ್ಯವಾಯಿತು. ಮುಂದೆ 16 ವಾಲ್ವಿನ ಎಂಜಿನ್ ಮತ್ತು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂದವು, ಶಕ್ತಿ 175 ಅಶ್ವಶಕ್ತಿಗೆ ಹೋಯಿತು. 1980ರ ದಶಕದ ಕೊನೆಗೆ ನೀರಿನಿಂದ ತಣಿಯುವ ಟರ್ಬೊ ಬೇರಿಂಗ್, ಕಾರು ಆರಿಸುವ ಮುನ್ನ ಕಾಯುವ ಶಿಸ್ತನ್ನೂ ಬಹುಮಟ್ಟಿಗೆ ಯಂತ್ರಕ್ಕೆ ಒಪ್ಪಿಸಿತು. 1990ರ ದಶಕದ ಟ್ರಯಾನಿಕ್ ವ್ಯವಸ್ಥೆ ಸ್ಪಾರ್ಕ್ ಪ್ಲಗ್‌ಗಳನ್ನೇ ನಾಕಿಂಗ್ ಅಳೆಯುವ ಸಾಧನ ಮಾಡಿಕೊಂಡಿತು. 1986ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಟಲಡೇಗಾ ಟ್ರ್ಯಾಕಿನಲ್ಲಿ ಸಾಬ್ 9000 ಟರ್ಬೊ ಗಂಟೆಗೆ ಸುಮಾರು 213 ಕಿ.ಮೀ. ಸರಾಸರಿಯಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಿತು. ಅದು ಜಾಹೀರಾತಿನ ಪ್ರದರ್ಶನವೇ ಹೌದು. ಆದರೆ ಕಂಪನಿ ಜಾಹೀರು ಮಾಡಲು ಬಯಸಿದ್ದು ಒಂದು ಕ್ಷಣದ ಗರಿಷ್ಠ ವೇಗವನ್ನಲ್ಲ, ತಾಳಿಕೆಯನ್ನು ಎಂಬುದು ಗಮನಾರ್ಹ.

ಹಾಗಾದರೆ ಹೊಣೆಯ ಪ್ರಶ್ನೆ ಇಲ್ಲಿಗೆ ಮುಗಿಯಿತೇ? ಈ ಕಾರುಗಳನ್ನು ಇವತ್ತು ಕೊಳ್ಳುವವರ ಅನುಭವ ಹಾಗೆ ಹೇಳುವುದಿಲ್ಲ. ಮಾಲೀಕನ ಬದಲಿಗೆ ಕಾವಲಿಗೆ ನಿಂತ ಸಲಕರಣೆಗಳೇ ಈಗ ಮೂವತ್ತು ನಲವತ್ತು ವರ್ಷ ದಾಟಿವೆ. ವೇಸ್ಟ್‌ಗೇಟಿಗೆ ಸಂಕೇತ ಒಯ್ಯುವ ರಬ್ಬರ್ ಕೊಳವೆ ಬಿರಿದರೆ ಬೂಸ್ಟ್ ಹದ ತಪ್ಪುತ್ತದೆ. ಎಪಿಸಿ ಪೆಟ್ಟಿಗೆಯ ಬೆಸುಗೆ ಸಡಿಲಗೊಂಡರೆ ಅಥವಾ ಸೆನ್ಸರ್ ಕುರುಡಾದರೆ ಕಾರು ಓಡುತ್ತಲೇ ಇರುತ್ತದೆ, ಕಾವಲು ಮಾತ್ರ ಇರುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳ ಮೇಲೆ ಕೂರುವ ಇಗ್ನಿಷನ್ ಕ್ಯಾಸೆಟ್ ಸಾಬ್ ಬಳಗದಲ್ಲಿ ಕೆಡುವುದಕ್ಕೇ ಹೆಸರಾದ ಬಿಡಿಭಾಗ. ಯುರೋಪಿನ ಪೆಟ್ರೋಲಿನಲ್ಲಿ ಈಗ ಶೇ. 10ರವರೆಗೆ ಎಥನಾಲ್ ಇರುವುದು ಹಳೆಯ ಇಂಧನ ಕೊಳವೆಗಳಿಗೆ ಒಗ್ಗದ ಮಾತು. ಇದರ ಮೇಲೆ ಕಂಪನಿಯ ಹೊಣೆಯೂ ಚದುರಿಹೋಗಿದೆ. ಸಾಬ್ ಆಟೊಮೊಬೀಲ್ 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಬಿಡಿಭಾಗಗಳ ವಿಭಾಗ ಮಾತ್ರ ಸ್ವೀಡಿಷ್ ಸರ್ಕಾರದ ಕೈ ಸೇರಿ, ಓರಿಯೊ ಎಂಬ ಹೆಸರಿನಲ್ಲಿ ಮುಂದುವರಿಯಿತು. ತಯಾರಕನೇ ಇಲ್ಲದ ಕಾರಿಗೆ ಬಿಡಿಭಾಗ ಹುಡುಕುವುದು, ಯಾವುದು ಅಸಲಿ ಯಾವುದು ನಕಲಿ ಎಂದು ಗುರುತಿಸುವುದು, ಅದನ್ನು ಬಲ್ಲ ಮೆಕ್ಯಾನಿಕನ್ನು ಉಳಿಸಿಕೊಳ್ಳುವುದು ಇವೆಲ್ಲ ಮಾಲೀಕನ ಪಾಲಿಗೆ ಬಂದಿವೆ.

ಈ ಹಿನ್ನೆಲೆಯಿಂದ ನೋಡಿದರೆ ಖರೀದಿಯ ಮಾನದಂಡವೇ ಬದಲಾಗುತ್ತದೆ. ಓಡೋಮೀಟರಿನ ಅಂಕಿಗಿಂತ ಸರ್ವಿಸ್ ದಾಖಲೆ ದೊಡ್ಡ ಸಾಕ್ಷ್ಯ. ಆಯಿಲ್ ಬದಲಾವಣೆಯ ದಿನಾಂಕಗಳು ಟರ್ಬೊ ಬೇರಿಂಗಿನ ಆರೋಗ್ಯವನ್ನು ಹೇಳುತ್ತವೆ. ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಹೊಗೆ ಸವೆದ ಸೀಲುಗಳ ಕುರುಹಾಗಿರಬಹುದು. ಬೂಸ್ಟ್ ಮೀಟರಿನ ಮುಳ್ಳು ಕೆಂಪು ಪಟ್ಟಿಯೊಳಕ್ಕೆ ದಾಟಿಹೋದರೆ ಹಿಂದಿನ ಮಾಲೀಕರು ಯಾರೋ ಮಿತಿಯನ್ನು ತಿದ್ದಿರಬೇಕು ಎಂದು ಅನುಮಾನಿಸಬೇಕು. 99 ಮತ್ತು 900ರಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಅಡಿಯಲ್ಲೇ ಇದ್ದು, ಟರ್ಬೊ ಇಲ್ಲದ ದಿನಗಳ ಎಳೆತಕ್ಕೆ ರೂಪುಗೊಂಡದ್ದು. ಹೆಚ್ಚಿದ ಟಾರ್ಕಿನ ಬೆಲೆಯನ್ನು ಮೊದಲು ತೆರುವುದು ಅದೇ, ದುರಸ್ತಿಗೆ ಎಂಜಿನ್ನನ್ನೂ ಜತೆಗೆ ಇಳಿಸಬೇಕು. ಬಣ್ಣ ಮಿಂಚುತ್ತಿದ್ದು ದಾಖಲೆಗಳಿಲ್ಲದ ಕಾರಿಗಿಂತ, ಬಣ್ಣ ಮಾಸಿ ದಾಖಲೆಗಳು ತುಂಬಿರುವ ಕಾರು ಅಗ್ಗದ ಖರೀದಿ ಎನ್ನಲು ಇದೇ ಕಾರಣ.

ಇಷ್ಟೆಲ್ಲ ಶ್ರಮ ಏತಕ್ಕೆ, ಇಂದಿನ ಟರ್ಬೊ ಕಾರು ಇದಾವುದನ್ನೂ ಕೇಳುವುದಿಲ್ಲವಲ್ಲ ಎಂಬುದು ಕೊನೆಯ ಆಕ್ಷೇಪ. ಉಪಯುಕ್ತತೆಯ ಮಟ್ಟದಲ್ಲಿ ಇದಕ್ಕೆ ಎದುರುತ್ತರವಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇಂದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು ಕೊಳ್ಳುವವರಿಗೆ ವೇಸ್ಟ್‌ಗೇಟ್ ಇದೆಯೆಂಬುದೂ ತಿಳಿದಿರಬೇಕಿಲ್ಲ. ಚಿಕ್ಕ ಎಂಜಿನ್, ಕೆಳಗಿನ ವೇಗದಲ್ಲೇ ಎಳೆತ, ಕಾವಲಿಗೆ ಸೆನ್ಸರ್ ಎಂಬ ಆ ಕಾರುಗಳ ಸೂತ್ರ ಸಾಬ್ ಹಾಕಿಕೊಟ್ಟ ದಾರಿಯಲ್ಲೇ ಇದೆ. ಆದರೆ ಇಂದಿನ ಕಾರಿನ ನಿಶ್ಚಿಂತೆ ತಾನಾಗಿ ಬಂದದ್ದಲ್ಲ. ಮಾಲೀಕ, ತಯಾರಕ, ಯಂತ್ರ ಈ ಮೂವರ ನಡುವೆ ಹೊಣೆಯನ್ನು ಮರುಹಂಚಿಕೆ ಮಾಡಿದ ಫಲ. ಆ ಹಂಚಿಕೆ ಬಿಡಿಭಾಗಗಳಿಗೆ ಆಯುಸ್ಸು ಇರುವವರೆಗೆ, ತಯಾರಕ ಬದುಕಿರುವವರೆಗೆ ಮಾತ್ರ ಊರ್ಜಿತ. ಇಂದಿನ ಟರ್ಬೊ ಕಾರುಗಳಲ್ಲಿ ಸೆನ್ಸರ್‌ಗಳೂ ಸಾಫ್ಟ್‌ವೇರೂ ಇನ್ನೂ ಹೆಚ್ಚು, ಆದ್ದರಿಂದ ಅವು ಹಳತಾದಾಗ ಮಾಲೀಕನಿಗೆ ಮರಳಿ ಬರುವ ಹೊರೆಯೂ ಹೆಚ್ಚೇ ಇರುತ್ತದೆ. ಹಳೆಯ ಸಾಬ್‌ನಲ್ಲಿ ಕೆಟ್ಟದ್ದನ್ನು ಮೀಟರ್, ಸ್ಪ್ಯಾನರ್ ಮತ್ತು ಬೆಸುಗೆ ಕಡ್ಡಿ ಹಿಡಿದು ಇಂದಿಗೂ ಸರಿಪಡಿಸಬಹುದು. ಮುಂದಿನ ತಲೆಮಾರಿನ ಹಳೆಯ ಕಾರುಗಳಿಗೆ ಆ ಅವಕಾಶ ಉಳಿಯಬೇಕಾದರೆ, ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಎಷ್ಟು ವರ್ಷ ಒದಗಿಸಬೇಕೆಂಬುದನ್ನು ಕಾರು ಮಾರುವ ದಿನವೇ ತೀರ್ಮಾನಿಸಬೇಕಾಗುತ್ತದೆ.