ಗುಂಟೆಯಲ್ಲಿ ಅಳೆದ ಕಲ್ಯಾಣ

ಬೆಂಗಳೂರಿನವರು ‘ಸೈಟು’ ಎನ್ನುವುದನ್ನು ಬೀದರ ಜಿಲ್ಲೆಯವರು ‘ಪ್ಲಾಟು’ ಎನ್ನುತ್ತಾರೆ. ಸೈಟು ಕೊಳ್ಳುವವರು ಚದರಡಿಯಲ್ಲಿ ಮಾತಾಡಿದರೆ, ಇಲ್ಲಿ ಈಗಲೂ ಮಾತು ಗುಂಟೆಯಿಂದ ಶುರುವಾಗುತ್ತದೆ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ತುಂಡು ಒಂದು ಗುಂಟೆ. ಅಂದರೆ 1089 ಚದರಡಿ. ನಲವತ್ತು ಗುಂಟೆ ಕೂಡಿದರೆ ಒಂದು ಎಕರೆ. ಗುಂಟೆ ಹೊಲದ ಅಳತೆ. ತೊಗರಿ, ಜೋಳ ಬೆಳೆಯುವ ನೆಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಬಳಸುವ ಅಳತೆ. ಅದೇ ಗುಂಟೆ ಇವತ್ತು ಬಸವಕಲ್ಯಾಣ, ಹುಮನಾಬಾದಗಳ ಅಂಚಿನಲ್ಲಿ ಮನೆಯ ಅಳತೆಯೂ ಆಗಿದೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳಿದರೆ, ಹೊಲ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ನಡುವೆ ಇರುವುದು ಬಿಳಿ ಬಳಿದ ಗಡಿಗಲ್ಲುಗಳು ಮತ್ತು ‘ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆ’ ಎನ್ನುವಂಥ ಫಲಕಗಳು.

ಈ ಗಡಿಗಲ್ಲುಗಳಿಗೂ ಒಂದು ಚರಿತ್ರೆಯಿದೆ. ಕಲ್ಯಾಣದ ಚರಿತ್ರೆ ಎಂದರೆ ನಮಗೆ ಚಾಲುಕ್ಯರು, ಬಿಜ್ಜಳ, ಬಸವಣ್ಣ ನೆನಪಾಗುತ್ತಾರೆ. ಆದರೆ ನೆಲವನ್ನು ಯಾರು, ಯಾವ ನಿಯಮದಿಂದ ಭಾಗ ಮಾಡಬೇಕು, ಭಾಗ ಮಾಡುವಾಗ ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆಯೂ ಈ ಊರಿನದ್ದೇ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲನ್ನು ಶತಮಾನಗಳ ಕಾಲ ನಿರ್ಧರಿಸಿದ ಗ್ರಂಥ ಹುಟ್ಟಿದ್ದು ಇಲ್ಲಿ.

ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣದಂಥ ನಗರ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಊರನ್ನು ಹೊಗಳುತ್ತಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಅವನ ಪ್ರಸಿದ್ಧ ಸಿದ್ಧಾಂತ. 1810ರಲ್ಲಿ ಕೋಲ್‌ಬ್ರೂಕ್ ಈ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಕೈಪಿಡಿಯಾಯಿತು. ಮಗಳಿಗೂ ಅದೇ ಜನ್ಮಸಿದ್ಧ ಹಕ್ಕು ದೇಶದಾದ್ಯಂತ ಕಾನೂನಾಗಿ ಸಿಕ್ಕಿದ್ದು 2005ರ ತಿದ್ದುಪಡಿಯಿಂದ.

ಪಾಲಿನ ಬಗ್ಗೆ ಇಷ್ಟು ವಿವರವಾಗಿ ಬರೆದ ವಿಜ್ಞಾನೇಶ್ವರ, ಪಾಲು ಮಾಡಬಾರದ್ದರ ಬಗ್ಗೆಯೂ ಬರೆದಿದ್ದಾನೆ. ಮನುವಿನ ಪಟ್ಟಿಯೊಂದನ್ನು ಎತ್ತಿಕೊಂಡು ಅವನು ಅರ್ಥ ಬಿಡಿಸುತ್ತಾನೆ. ನೀರು, ಅಂದರೆ ಬಾವಿ ಮುಂತಾದವು, ಹಂಚಿಕೆಯಾಗುವಂಥದ್ದಲ್ಲ, ಸರದಿಯಂತೆ ಬಳಸಬೇಕು. ‘ಪ್ರಚಾರ’ ಎಂದರೆ ಮನೆಗೆ, ತೋಟಕ್ಕೆ ಹೋಗಿಬರುವ ದಾರಿ; ಅದನ್ನೂ ತುಂಡರಿಸುವಂತಿಲ್ಲ. ಹೊಲ ಎಷ್ಟು ಜನರಿಗೆ ಹಂಚಿಹೋದರೂ ಬಾವಿ ಮತ್ತು ದಾರಿ ಎಲ್ಲರದ್ದಾಗಿಯೇ ಉಳಿಯಬೇಕು. ಇದು ಕುಟುಂಬದೊಳಗಿನ ನಿಯಮ, ನಗರ ಯೋಜನೆಯಲ್ಲ. ಆದರೂ ಇವತ್ತಿನ ಬಡಾವಣೆ ಕಾನೂನು ಕೇಳುವ ಪ್ರಶ್ನೆ ಇದಕ್ಕಿಂತ ಬಹಳ ದೂರದ್ದಲ್ಲ: ನೆಲವನ್ನು ತುಂಡು ಮಾಡಿ ಮಾರುವಾಗ ಯಾವುದು ಮಾರಾಟಕ್ಕಿಲ್ಲ?

ಅದೇ ಕಾಲದ ಶಾಸನಗಳಲ್ಲಿ ಹೊಲವನ್ನು ಮತ್ತರು, ಕಮ್ಮಗಳಲ್ಲಿ ಅಳೆದಿದ್ದಾರೆ. ದತ್ತಿ ಕೊಟ್ಟ ಭೂಮಿಯ ಸೀಮೆಯನ್ನು ನಾಲ್ಕು ದಿಕ್ಕಿಗೂ ಹೇಳಿ, ಅಳೆದ ಕೋಲು ಯಾವುದೆಂದೂ ನಮೂದಿಸುತ್ತಿದ್ದರು. ಮನೆಕಟ್ಟುವ ಜಾಗಕ್ಕೆ ‘ನಿವೇಶನ’ ಎಂಬ ಪದ ಆಗಲೇ ಇತ್ತು. ನಗರಸಭೆಯ ಅರ್ಜಿ ನಮೂನೆಯಲ್ಲಿ ನಾವು ತುಂಬುವ ಪದಕ್ಕೆ ಶಾಸನದಷ್ಟು ವಯಸ್ಸಾಗಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ನಕ್ಷೆ ನಮ್ಮ ಕೈಯಲ್ಲಿಲ್ಲ. ಉಳಿದಿರುವುದು ಸ್ಥಳನಾಮಗಳು: ಪರುಷಕಟ್ಟೆ, ಅರಿವಿನ ಮನೆ, ತ್ರಿಪುರಾಂತ ಕೆರೆ, ನುಲಿಯ ಚಂದಯ್ಯನ ಗವಿ, ಬಂದವರ ಓಣಿ. ಕೊನೆಯ ಹೆಸರನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಬೇರೆ ಸೀಮೆಗಳಿಂದ ಶರಣರಾಗಿ ಬಂದವರು ಸೇರುತ್ತಿದ್ದ, ತಂಗುತ್ತಿದ್ದ ಓಣಿ ಎಂದು ಊರ ನೆನಪು ಹೇಳುತ್ತದೆ. ಇದನ್ನು ದಾಖಲೆ ಎನ್ನಲಾಗದು, ನೆನಪು ಎನ್ನಬಹುದು. ಆದರೆ ಒಂದು ಊರು ಏನನ್ನು ನೆನಪಿಡಲು ಬಯಸಿತು ಎಂಬುದೂ ಚರಿತ್ರೆಯೇ. ನಮ್ಮ ಎಷ್ಟೋ ಹಳೆಯ ಊರುಗಳ ಓಣಿಗಳು ಜಾತಿಯ, ಕಸುಬಿನ ಹೆಸರಿನಲ್ಲಿವೆ. ಯಾರು ಎಲ್ಲಿರಬೇಕು ಎಂದು ವಿಧಿಸುವ ಆ ವ್ಯವಸ್ಥೆ ನಕ್ಷೆಯಿಲ್ಲದ ವಲಯ ವಿಂಗಡಣೆಯೇ. ಅಂಥದ್ದರ ನಡುವೆ ಹೊರಗಿನಿಂದ ಬಂದವರಿಗೆಂದೇ ಒಂದು ಓಣಿಯ ಹೆಸರು ಉಳಿದಿದೆ.

ಮುಂದಿನ ಶತಮಾನಗಳಲ್ಲಿ ರಾಜಧಾನಿ ಕೋಟೆಯೂರಾಯಿತು, ಕೊನೆಗೆ ನಿಜಾಮರ ರಾಜ್ಯದಲ್ಲಿ ಕಲ್ಯಾಣಿ ನವಾಬರ ಜಾಗೀರಾಯಿತು. ಹುಮನಾಬಾದಿನ ಪಕ್ಕದ ಚಿಟಗುಪ್ಪಾ ಸೀಮೆ ಪಾಯಗಾ ಮನೆತನದ ಹಿಡಿತದಲ್ಲಿತ್ತು. ಇದರ ಪರಿಣಾಮ ಕಡತಗಳನ್ನು ಹುಡುಕುವವರಿಗೆ ಚೆನ್ನಾಗಿ ಗೊತ್ತು. ಮೊದಲನೆಯ ಸಾಲಾರ್ ಜಂಗ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಿಲ್ಲಾಬಂದಿ, ಮೋಜಣಿ, ಕಂದಾಯ ಸುಧಾರಣೆಗಳನ್ನು ತಂದಾಗ ಅವು ಮೊದಲು ಜಾರಿಯಾದದ್ದು ಸರ್ಕಾರದ ನೇರ ಆಡಳಿತದ ದಿವಾನಿ ಪ್ರದೇಶದಲ್ಲಿ. ಜಾಗೀರಿನಲ್ಲಿ ವಸೂಲಿ ಜಾಗೀರದಾರನದು, ಲೆಕ್ಕವೂ ಅವನದೇ. 1317 ಫಸಲಿಯಲ್ಲಿ, ಅಂದರೆ 1907ರ ಸುಮಾರಿಗೆ, ಹೈದರಾಬಾದ್ ಭೂಕಂದಾಯ ಕಾನೂನು ಬಂತು. 1908ರ ಮೂಸಿ ಪ್ರವಾಹದ ನಂತರ 1912ರಲ್ಲಿ ರಾಜಧಾನಿ ಹೈದರಾಬಾದಿಗೆ ನಗರ ಸುಧಾರಣಾ ಮಂಡಳಿಯೂ ಬಂತು; ಅಗಲ ರಸ್ತೆ, ಹೊಸ ವಸತಿಗಳ ಯೋಜನೆ ಅಲ್ಲಿ ಶುರುವಾಯಿತು. ಅಂದರೆ ಯೋಜನೆ ಎಂಬುದು ರಾಜಧಾನಿಗೆ ಬಂದಷ್ಟು ಬೇಗ ಜಾಗೀರಿನ ಪೇಟೆಗಳಿಗೆ ಬರಲಿಲ್ಲ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಾಗೀರು ರದ್ದತಿ ಕಾನೂನು, 1950ರಲ್ಲಿ ಗೇಣಿ ಮತ್ತು ಕೃಷಿ ಭೂಮಿ ಕಾನೂನು ಬಂದವು. ‘ರಕ್ಷಿತ ಗೇಣಿದಾರ’ ಎಂಬ ಹೊಸ ವ್ಯಕ್ತಿ ದಾಖಲೆಯೊಳಗೆ ಪ್ರವೇಶಿಸಿದ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯೇ ಒಡೆಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಕಲ್ಯಾಣ, ಹುಮನಾಬಾದ ಮೈಸೂರಿಗೆ ಬಂದವು. ಉರ್ದುವಿನಲ್ಲಿದ್ದ ಹಳೆಯ ದಾಖಲೆಗಳ ಮೇಲೆ ಕನ್ನಡದ ಪಹಣಿ ಕೂತಿತು. ಇವತ್ತಿಗೂ ಇಲ್ಲಿನ ಜಮೀನು ವ್ಯಾಜ್ಯವೊಂದು ಎರಡು ತಲೆಮಾರು ಹಿಂದಕ್ಕೆ ಹೋದರೆ ಉರ್ದು ಓದಬಲ್ಲವರನ್ನು ಹುಡುಕಬೇಕಾಗುತ್ತದೆ.

ಹೊಸ ರಾಜ್ಯ ಈ ನೆಲಕ್ಕೆ ಎರಡು ಕಾನೂನುಗಳನ್ನು ತಂದಿತು, ಅವುಗಳ ಜೊತೆ ಎರಡು ಕಚೇರಿಗಳನ್ನೂ. 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನರ ಬಾಯಲ್ಲಿ ‘ಎನ್.ಎ.’ ಎಂದರೆ ಇದೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೆಯ ಕಲಮಿನಂತೆ ನಿವೇಶನವನ್ನು ಉಪವಿಭಾಗ ಮಾಡಲು, ಖಾಸಗಿ ರಸ್ತೆ ಹಾಕಲು ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಮೊದಲನೆಯದು ಹೇಳುವುದು ಇಷ್ಟೇ: ಈ ನೆಲ ಇನ್ನು ಹೊಲವಲ್ಲ. ಎರಡನೆಯದು ಹೇಳುವುದು: ಇದು ಹೇಗೆ ಊರಾಗಬೇಕು. ರಸ್ತೆ ಎಷ್ಟಗಲ, ಚರಂಡಿ ಎತ್ತ ಹರಿಯಬೇಕು, ಮಕ್ಕಳು ಆಡಲು, ಶಾಲೆ ಕಟ್ಟಲು ಎಷ್ಟು ಜಾಗ ಬಿಡಬೇಕು. ಆ ಜಾಗವನ್ನು ಸ್ಥಳೀಯ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡಬೇಕು. ‘ಎನ್.ಎ. ಆಗಿದೆ’ ಎಂಬ ಫಲಕ ಹಾಗಾಗಿ ಅರ್ಧ ಸತ್ಯ. ಕೊಳ್ಳುವವನು ಅದನ್ನೇ ಪೂರ್ಣ ಸತ್ಯವೆಂದು ಓದಿಕೊಳ್ಳುತ್ತಾನೆ.

ಎರಡನೆಯ ಮಂಜೂರಾತಿಯನ್ನು ತಪ್ಪಿಸುವುದರಲ್ಲಿ ಲಾಭ ಎಲ್ಲಿದೆ? ಒಂದು ಸರಳ ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಕರ್ಯಗಳಿಗೆಂದು ನೂರಕ್ಕೆ 45 ಭಾಗ ಬಿಟ್ಟರೆ 30×40 ಅಳತೆಯ ಸುಮಾರು 20 ಪ್ಲಾಟುಗಳು ಸಿಗುತ್ತವೆ. ಉದ್ಯಾನ ಬಿಡದೆ, ಕಿರಿದಾದ ದಾರಿ ಮಾತ್ರ ಹಾಕಿ ನೂರಕ್ಕೆ 20 ಭಾಗ ಬಿಟ್ಟರೆ 29 ಸಿಗುತ್ತವೆ. ಎಕರೆಗೆ ಹೆಚ್ಚಾಗಿ ಸಿಕ್ಕ ಆ ಒಂಬತ್ತು ಪ್ಲಾಟುಗಳ ಸುತ್ತಲೇ ಸಣ್ಣ ಊರಿನ ಭೂರಾಜಕಾರಣ ತಿರುಗುತ್ತದೆ. ಆ ಒಂಬತ್ತು ಪ್ಲಾಟುಗಳು ಯಾರದೋ ಹೊಲದಿಂದ ಬಂದದ್ದಲ್ಲ. ಇನ್ನೂ ಅಲ್ಲಿಗೆ ಬಾರದ ಜನರ ರಸ್ತೆಯಿಂದ, ಮೈದಾನದಿಂದ, ಚರಂಡಿಯಿಂದ ಕತ್ತರಿಸಿ ತೆಗೆದದ್ದು. ವಿಜ್ಞಾನೇಶ್ವರ ಪಾಲಿನಿಂದ ಹೊರಗಿಟ್ಟ ದಾರಿಯನ್ನೇ ಇಲ್ಲಿ ಪಾಲು ಮಾಡಲಾಗಿದೆ.

ಆದರೆ ಇದನ್ನು ದುರಾಸೆಯ ಕಥೆಯೆಂದು ಮುಗಿಸಿದರೆ ಚರಿತ್ರೆಗೆ ಅನ್ಯಾಯವಾದೀತು. ಪ್ಲಾಟು ಮಾರುವವನು ಎಷ್ಟೋ ಸಲ ಮಳೆಯನ್ನೇ ನಂಬಿದ, ಮೂರು ತಲೆಮಾರಿನ ಹಿಸ್ಸಾಗಳಲ್ಲಿ ಎಕರೆಗಿಂತ ಕಡಿಮೆಗೆ ಇಳಿದ ರೈತ. ಕೊಳ್ಳುವವರು ಹಳ್ಳಿ ಬಿಟ್ಟು ಬಂದ ಶಿಕ್ಷಕರು, ಚಾಲಕರು, ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ದುಡಿದು ಉಳಿಸಿದವರು. ಮಂಜೂರಾದ ಬಡಾವಣೆಯ ಬೆಲೆ ಅವರ ಕೈಗೆಟಕುವುದಿಲ್ಲ. ಅನಧಿಕೃತ ಬಡಾವಣೆಯೇ ಅವರ ಬಂದವರ ಓಣಿ.

ಹುಮನಾಬಾದಿನ ಚರಿತ್ರೆ ಸ್ವಲ್ಪ ಬೇರೆ. ಅದು ದಾರಿಯ ಮೇಲಿನ ಊರು. ಪುಣೆ–ಸೋಲಾಪುರ–ಹೈದರಾಬಾದ್ ಹೆದ್ದಾರಿ, ಮೊದಲು ಒಂಬತ್ತು, ಈಗ 65ನೆಯ ಸಂಖ್ಯೆಯದು, ಇಲ್ಲಿ ಬೀದರ–ಕಲಬುರಗಿ ರಸ್ತೆಯನ್ನು ಕೂಡುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾಯಿತು. ಇಂಥ ಊರು ಸುತ್ತಲೂ ದುಂಡಗೆ ಬೆಳೆಯುವುದಿಲ್ಲ, ರಸ್ತೆಯ ಗುಂಟ ಉದ್ದಕ್ಕೆ ಬೆಳೆಯುತ್ತದೆ. ಮೊದಲ ಸಾಲು ಅಂಗಡಿಗಳಿಗೆ, ಹಿಂದಿನ ಸಾಲು ಗೋದಾಮುಗಳಿಗೆ, ಅದರಾಚೆ ಮನೆಗಳಿಗೆ. ಮಹಾ ಯೋಜನೆಯ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಣ್ಣ. ಹೆದ್ದಾರಿಯ ಪಕ್ಕ ಬಣ್ಣ ಬಳಿಯುವ ಮೊದಲೇ ಬಳಕೆ ನಿಂತುಬಿಟ್ಟಿರುತ್ತದೆ. ಆಮೇಲೆ ಬರುವ ನಕ್ಷೆ ಆದದ್ದನ್ನು ಗುರುತು ಹಾಕಿಕೊಳ್ಳುತ್ತದೆ. ವೀರಭದ್ರೇಶ್ವರ ಜಾತ್ರೆಗೆ ಬೇಕಾದ ಬಯಲಿಗೆ, ವಾರದ ಸಂತೆಗೆ ಬೇಕಾದ ಜಾಗಕ್ಕೆ ಈ ನಾಲ್ಕು ಬಣ್ಣಗಳಲ್ಲಿ ಸಹಜವಾಗಿ ಹೊಂದುವ ಒಂದೂ ಇಲ್ಲ. ವರ್ಷಕ್ಕೊಮ್ಮೆ, ವಾರಕ್ಕೊಮ್ಮೆ ಬಳಕೆಯಾಗುವ ನೆಲ ನಕ್ಷೆಯ ಕಣ್ಣಿಗೆ ಖಾಲಿ ನೆಲ.

ಆದದ್ದನ್ನು ಒಪ್ಪಿಕೊಳ್ಳುವ ಕಾನೂನಿಗೂ ಚರಿತ್ರೆಯಿದೆ. 2007ರಲ್ಲಿ ಯೋಜನಾ ಕಾಯ್ದೆಗೆ ‘ಅಕ್ರಮ–ಸಕ್ರಮ’ದ ತಿದ್ದುಪಡಿ ಬಂತು. 2016ರ ಕೊನೆಯಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಲು ಇದ್ದ ತಡೆ ಹೋಯಿತು. 2025ರ ಫೆಬ್ರುವರಿಯಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ ‘ಬಿ’ ಖಾತಾ ಕೊಡುವ ಅಭಿಯಾನ ಶುರುವಾಯಿತು. ತೆರಿಗೆ ಕಟ್ಟುವವರಿಗೆ ಒಂದು ದಾಖಲೆ ಸಿಗುವುದು ನ್ಯಾಯವೇ. ಆದರೆ ಖಾತೆ ಕೊಟ್ಟ ಮಾತ್ರಕ್ಕೆ ಬಿಡದ ರಸ್ತೆ ಹುಟ್ಟುವುದಿಲ್ಲ. ಸಕ್ರಮವಾಗುವುದು ಮನೆ, ಓಣಿ ಅಕ್ರಮವಾಗಿಯೇ ಉಳಿಯುತ್ತದೆ.

ಬಸವಕಲ್ಯಾಣಕ್ಕೆ ಇನ್ನೊಂದು ಪದರವಿದೆ. 2005ರಲ್ಲಿ ಶಾಸನಸಭೆ ಪ್ರತ್ಯೇಕ ಕಾಯ್ದೆ ಮಾಡಿ ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯನ್ನು ರಚಿಸಿತು. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಯಾತ್ರಿಕರು ನೋಡುವ ಕಲ್ಯಾಣಕ್ಕೆ ಮಂಡಳಿಯಿದೆ, ಅನುದಾನವಿದೆ, ನಕ್ಷೆಯಿದೆ. 2011ರ ಜನಗಣತಿಯಲ್ಲೇ ಸುಮಾರು 70 ಸಾವಿರ ಜನರಿದ್ದ, ದಿನವೂ ಬಾಳುವ ಕಲ್ಯಾಣ ಮಾತ್ರ ಸರ್ವೆ ನಂಬರಿನ ಹಿಸ್ಸಾಗಳಲ್ಲಿ ತನ್ನಷ್ಟಕ್ಕೆ ಹರಡುತ್ತಿದೆ. ಎರಡೂ ಒಂದೇ ಊರು. ಒಂದರ ಗೌರವ ಇನ್ನೊಂದರ ಚರಂಡಿಯನ್ನು ದಾಟಿಯೇ ತಲುಪಬೇಕು.

ಸಂವಿಧಾನದ 74ನೆಯ ತಿದ್ದುಪಡಿ ನಗರ ಯೋಜನೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಬಹುದಾದ ಹೊಣೆಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿದೆ. ಕರಡು ಮಹಾ ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ರಾಜ್ಯದ ಕಾಯ್ದೆಯೂ ಹೇಳುತ್ತದೆ. ಊರಿನ ಮುಂದಿನ ಐವತ್ತು ವರ್ಷ ನಿರ್ಧಾರವಾಗುವ ಆ ಪ್ರಕಟಣೆ, ಹರಾಜು ಮತ್ತು ಟೆಂಡರುಗಳ ನಡುವೆ, ಪತ್ರಿಕೆಯ ಒಳಪುಟದ ಸಣ್ಣ ಅಕ್ಷರಗಳಲ್ಲಿ ಬಂದು ಹೋಗುತ್ತದೆ. ಕಲ್ಯಾಣದ ಬಗ್ಗೆ ನಾವು ಬರೆಯುವ ಲೇಖನಗಳು, ನಡೆಸುವ ಗೋಷ್ಠಿಗಳು ಲೆಕ್ಕವಿಲ್ಲದಷ್ಟು. ಆ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಂಡವರು ಎಷ್ಟು ಜನ? ಶಾಸನ ಓದುವ ಶ್ರದ್ಧೆಯಲ್ಲಿ ಸ್ವಲ್ಪವನ್ನು ಬಡಾವಣೆ ನಕ್ಷೆಗೂ ಕೊಡಬೇಕು. ಎರಡೂ ಹೇಳುವುದು ಸೀಮೆಯನ್ನೇ, ಎರಡರಲ್ಲೂ ಬಿಟ್ಟುಕೊಟ್ಟ ನೆಲದ ಲೆಕ್ಕವಿರುತ್ತದೆ. ಪಾಲು ಮಾಡುವುದು ಹೇಗೆಂದು ಜಗತ್ತಿಗೆ ಹೇಳಿಕೊಟ್ಟ ಊರು, ಪಾಲು ಮಾಡಬಾರದ್ದು ಯಾವುದೆಂದೂ ಹೇಳಿತ್ತು. ಆ ಎರಡನೆಯ ಮಾತನ್ನು ಉಳಿಸಿಕೊಳ್ಳಲು ಗುಂಟೆ ಗುಂಟೆಯಾಗಿ ಕಾಲ ಸರಿಯುತ್ತಿದೆ.