ಪಿಂಚಣಿ ಪುಸ್ತಕದಲ್ಲಿ ಸಿಕ್ಕ ಮುತ್ತಜ್ಜಿ

ನಮ್ಮ ಮನೆಯಲ್ಲಿ ಒಂದು ಕಥೆ ಇತ್ತು. ಮುತ್ತಜ್ಜ ಮರಾಠಾ ಪಲ್ಟನ್ನಿನ ಸಿಪಾಯಿ, 'ಬಸರಾ'ದ ಲಡಾಯಿಯಲ್ಲಿ ಎದೆಗೆ ಗುಂಡು ತಗುಲಿ ಸತ್ತ. ಮುತ್ತಜ್ಜಿ ಅವನ ನೆನಪಿನಲ್ಲೇ ಬರಿ ಹಣೆಯಲ್ಲಿ ಬಾಳು ಸವೆಸಿ 1962ರಲ್ಲಿ ತೀರಿಕೊಂಡಳು. ಇಷ್ಟೇ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಕಥೆ ಇರುವ ಮನೆಗಳು ಬೇಕಾದಷ್ಟಿವೆ, ಹಾಗಾಗಿ ನಾನೂ ಕೆದಕಲು ಹೋಗಿರಲಿಲ್ಲ.

ಪುಣೆಗೆ ಬಂದು ನಲವತ್ತೇಳು ವರ್ಷವಾಯಿತು. ನಿವೃತ್ತಿಯಾದ ಮೇಲೆ ಹೊತ್ತು ಹೋಗದವನಿಗೆ ಕೆಲಸ ಹಚ್ಚಿದವನು ಮಗ. ಇಂಗ್ಲೆಂಡಿನ 1921ರ ಜನಗಣತಿಯ ಹಾಳೆಗಳನ್ನು ನೂರು ವರ್ಷ ಕಾದು 2022ರ ಜನವರಿಯಲ್ಲಿ ಬಿಚ್ಚಿಟ್ಟರಲ್ಲ, ಅದರಲ್ಲಿ ಅವನ ಆಫೀಸಿನ ಇಂಗ್ಲಿಷಿನವನೊಬ್ಬನಿಗೆ ಮುತ್ತಜ್ಜಿಯ ಹೆಸರು, ವಯಸ್ಸು, ಕೆಲಸ ಎಲ್ಲ ಸಿಕ್ಕಿತಂತೆ. "ಅಪ್ಪಾ, ನಮ್ಮದೂ ಸಿಗಬೇಕಲ್ಲ?" ಎಂದ. ನಮ್ಮಲ್ಲೂ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ಮಾಡಿದ್ದಾರೆ, ಯಾಕೆ ಸಿಗಬಾರದು ಅಂದುಕೊಂಡೆ.

ಸಿಗುವುದಿಲ್ಲ. 1911ರ ಮಾರ್ಚ್ 10ರ ರಾತ್ರಿ ನಮ್ಮೂರಿನಲ್ಲೂ ಯಾರೋ ಕಂದೀಲು ಹಿಡಿದು ಮನೆ ಮನೆ ಸುತ್ತಿ ಹೆಸರು ಬರೆದುಕೊಂಡಿರಬೇಕು. ಆದರೆ ಆ ಹಾಳೆಗಳಲ್ಲಿದ್ದುದನ್ನು ಚೀಟಿಗಳಿಗೆ ಇಳಿಸಿ, ಚೀಟಿಗಳನ್ನು ಜಾತಿವಾರು, ಭಾಷೆವಾರು, ಕಸುಬುವಾರು ವಿಂಗಡಿಸಿ ಎಣಿಸಿ, ಲೆಕ್ಕ ಮುಗಿದ ಮೇಲೆ ಎಲ್ಲವನ್ನೂ ರದ್ದಿ ಮಾಡುವುದು ಪದ್ಧತಿ. ಉಳಿದದ್ದು ದಪ್ಪ ದಪ್ಪ ವರದಿಗಳು. ಜಿಲ್ಲೆಯಲ್ಲಿ ಕನ್ನಡದವರೆಷ್ಟು, ಮರಾಠಿಯವರೆಷ್ಟು, ನೇಕಾರರೆಷ್ಟು, ವಿಧವೆಯರೆಷ್ಟು ಎಂದು ಬೇಕಾದರೆ ನೋಡಿಕೊಳ್ಳಬಹುದು. ಮನುಷ್ಯ ಮಾತ್ರ ಸಿಗುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅಷ್ಟೇ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರ ಬರೆದುಕೊಂಡ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ. ನೂರು ವರ್ಷ ಕಾದರೆ ತೋರಿಸುತ್ತೇವೆ ಎಂಬ ಮಾತು ಅದರಲ್ಲಿಲ್ಲ.

ಅಷ್ಟರಲ್ಲಿ ಊರಲ್ಲಿ ಹಳೇ ಮನೆ ಕೆಡವುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಮುತ್ತಜ್ಜಿಯ ಪಿಂಚಣಿ ಪುಸ್ತಕ ಸಿಕ್ಕಿತು. ಅರ್ಧ ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ಇಂಗ್ಲಿಷ್ ಕೈಬರಹ: ಪಲ್ಟನ್ 110ನೇ ಮರಾಠಾ, ಸಿಪಾಯಿಯ ನಂಬರು, ಹೆಸರು, ಅವನ ತಂದೆಯ ಹೆಸರು, ಊರು, ತಾಲೂಕು. ಕೆಳಗೆ ವಿಧವೆಯ ಹೆಸರು, ಅಂದಾಜು ವಯಸ್ಸು 19, ಗುರುತು ಎಡ ಹುಬ್ಬಿನ ಮೇಲೆ ಕಲೆ. ಮನೆಯಲ್ಲಿ ಆಕೆಯನ್ನು ಎಲ್ಲರೂ ಕರೆದದ್ದು 'ಆಯಿ' ಎಂದೇ. ಆಕೆಗೊಂದು ಹೆಸರಿತ್ತು ಎಂದು ನಾನು ಎಪ್ಪತ್ತು ವರ್ಷ ಯೋಚಿಸಿಯೇ ಇರಲಿಲ್ಲ ನೋಡಿ!

ನಂಬರು ಸಿಕ್ಕ ಮೇಲೆ ಮುಂದಿನದು ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಪಲ್ಟನ್ನೂ ನಂಬರೂ ಹಾಕಿ ಹುಡುಕಿದರೆ ಮುತ್ತಜ್ಜ ಸಿಕ್ಕ. ಇಂಥವರ ಮಗ, ಇಂಥ ಊರು, ಬೆಳಗಾವಿ, ಮುಂಬಯಿ. ಸತ್ತದ್ದು 1916ರ ಮಾರ್ಚ್. (ಪಂಜಾಬಿನವರದು ಇನ್ನೂ ಅದೃಷ್ಟ. ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ ಸುಮಾರು 3,20,000 ಸಿಪಾಯಿಗಳ ಊರುವಾರು ದಫ್ತರಗಳು 2021ರಿಂದ ಅಂತರ್ಜಾಲಕ್ಕೆ ಬರತೊಡಗಿವೆ.)

1916ರ ಮಾರ್ಚ್ ಎಂದರೆ ಕೂತ್ ಮುತ್ತಿಗೆಯ ಕಾಲ. ಟೈಗ್ರಿಸ್ ನದಿಯ ತಿರುವಿನಲ್ಲಿರುವ ಆ ಊರಿನಲ್ಲಿ ಜನರಲ್ ಟೌನ್‌ಶೆಂಡ್‌ನ 6ನೇ ಪೂನಾ ಡಿವಿಜನ್ನನ್ನು ತುರ್ಕರು 1915ರ ಡಿಸೆಂಬರಿನಿಂದ ಸುತ್ತುಗಟ್ಟಿದ್ದರು. 103, 110, 117 ಮೂರೂ ಮರಾಠಾ ಪಲ್ಟನ್ನುಗಳು ಒಳಗೇ ಸಿಕ್ಕಿಕೊಂಡಿದ್ದವು. ಕಾಳು ಖಾಲಿಯಾಗುತ್ತ ಬಂದಂತೆ ಕುದುರೆಗಳನ್ನು ಕೊಂದು ಹಂಚಿದರು. ನಮ್ಮವರಲ್ಲಿ ಬಹಳ ಮಂದಿ ಧರ್ಮಕ್ಕೆ ಅಂಜಿ, ಊರಲ್ಲಿ ಜಾತಿಯವರು ಏನಂದಾರು ಎಂದು ಅಂಜಿ, ವಾರಗಟ್ಟಲೆ ಅದನ್ನು ಮುಟ್ಟಲಿಲ್ಲ. ಹಲ್ಲಿನ ವಸಡು ಬಾತು ರಕ್ತ ಬರುವ ಸ್ಕರ್ವಿ ಹಿಡಿಯಿತು. ಏಪ್ರಿಲ್ 29ಕ್ಕೆ ಸುಮಾರು 13 ಸಾವಿರ ಮಂದಿ ಶರಣಾದರು. ಮುತ್ತಜ್ಜ ಅಷ್ಟು ದಿನ ಉಳಿಯಲಿಲ್ಲ. ಗುಂಡೋ ಹಸಿವೋ, ದಾಖಲೆ ಹೇಳುವುದಿಲ್ಲ. ಎದೆಗೆ ಬಿದ್ದ ಗುಂಡನ್ನು ನಮ್ಮ ಮನೆಯವರೇ ಸೇರಿಸಿದ್ದಿರಬಹುದು.

ಅವನ ನೆನಪಿನ ಕಲ್ಲು ಇರುವುದು ಇರಾಕಿನ ಬಸರಾದಲ್ಲಿ. 1929ರಲ್ಲಿ ಆ ಸ್ಮಾರಕ ಕಟ್ಟಿದಾಗ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಕೆಳಗೆ 'ಇಷ್ಟು ಮಂದಿ' ಎಂದು ಅಂಕಿಯಲ್ಲಿ ಮುಗಿಸಿದರು. ಕಮಿಷನ್ನು 2021ರಲ್ಲಿ ತಾನೇ ವರದಿ ಪ್ರಕಟಿಸಿ ಇದಕ್ಕೆ ಕ್ಷಮೆ ಕೇಳಿತು. ಮಹಾಯುದ್ಧಕ್ಕೆ ಜನ ಕಳಿಸಿದ ಹಳ್ಳಿಗಳಲ್ಲಿ ನೆಟ್ಟ ಕಲ್ಲುಗಳನ್ನು ನೀವೂ ನೋಡಿರಬಹುದು: ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು. ಅಲ್ಲೂ ಅಂಕಿ. ದುಡ್ಡು ಕೊಡಬೇಕಾಗಿ ಬಂದ ಕಡೆ ಮಾತ್ರ ಸರ್ಕಾರ ಹೆಸರು, ಕಲೆ, ಹೆಬ್ಬೆಟ್ಟು ಎಲ್ಲ ಜೋಪಾನ ಮಾಡಿದೆ.

ಪಿಂಚಣಿ ಪುಸ್ತಕದಲ್ಲಿ ಇನ್ನೊಂದಿತ್ತು. ಹಣ ಪಡೆದ ಪ್ರತಿ ಸಲವೂ ಆಕೆ ಬದುಕಿದ್ದಾಳೆ, ಮರುಮದುವೆ ಆಗಿಲ್ಲ ಎಂಬ ಬರಹ, ಪಾಟೀಲರ ಸಹಿ, ಪಕ್ಕದಲ್ಲಿ ಆಕೆಯ ಹೆಬ್ಬೆಟ್ಟು. ನಮ್ಮ ಜನರಲ್ಲಿ ಉಡಕಿ ಇತ್ತು. ಹತ್ತೊಂಬತ್ತರ ವಿಧವೆ ಇನ್ನೊಬ್ಬನನ್ನು ಕಟ್ಟಿಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಉಡಕಿಯಾದರೆ ಪಿಂಚಣಿ ನಿಲ್ಲುತ್ತಿತ್ತು. ಸಿಪಾಯಿಯ ಪಗಾರವೇ ಆಗ ತಿಂಗಳಿಗೆ 11 ರೂಪಾಯಿ, ಆಕೆಗೆ ಬರುತ್ತಿದ್ದದ್ದು ಅದರ ಅರ್ಧವೂ ಅಲ್ಲ. ಮಳೆ ನಂಬಿದ ಮನೆಗೆ ಅದೊಂದೇ ರೊಕ್ಕದ ಮುಖ. ಆಕೆ ನೆನಪಿಗಾಗಿ ಹಾಗೆ ಉಳಿದಳೋ, ಮನೆಯವರು ಉಳಿಸಿಕೊಂಡರೋ?

ಫೋನಿನಲ್ಲಿ ಕಾಕಾನಿಗೆ ಹೇಳಿದೆ. ಅವರಿಗೆ ಈಗ ಎಂಬತ್ಮೂರು. ಹುಡುಗನಾಗಿದ್ದಾಗ ಚಕ್ಕಡಿಯಲ್ಲಿ ಆಕೆಯ ಜೊತೆ ಖಜಾನೆಗೆ ಹೋದವರು. ಸಿಟ್ಟಾದರು. "ಪುಣೆದಾಗ ಕೂತು ಮನೀ ಹಿರ್‍ಯಾರ ಮ್ಯಾಲೆ ಇಲ್ಲದ್ದು ಹಚ್ಚಬ್ಯಾಡ ತಮ್ಮಾ. ಆಯಿ ದೇವರಂಥಾಕಿ," ಎಂದರು. ಇರಬಹುದು. ನಾನೂ ವಾದ ಮಾಡಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಜಾನ್ಯಾಗ ಸಾಹೇಬ ಹೆಸರು ಹಿಡದು ಒದರತಿದ್ದ. ಅಕಿ ಎರಡ ಸಲ ಒದರಿದ ಮ್ಯಾಲೇ ಏಳತಿದ್ಲು. ಹೆಸರು ನಾ ಮರತೇನಿ. ಏನಂತ ಬರದೈತಿ ಅದರಾಗ?" ಎಂದು ಕೇಳಿದರು.

ಓದಿ ಹೇಳಿದೆ.